ಎರಡಿದ್ರೆ ಒಂದು ಕೊಡೋಕೆ ಬಿಡಿ

ನಿನ್ನೆ ಅಕ್ಕನ ಮನೆ ಮೆಟ್ಟಿಲ ಮೇಲೆ ನೋಡಿದ್ದು ತಲೆಯಿಂದ ಹೋಗ್ತಾನೇ ಇಲ್ಲ. ಅಕ್ಕನ ಮಗ, ಪಕ್ಕದ್ಮನೆ ಹುಡುಗಿ ಇಬ್ರೂ ಅವರವರ ಅಮ್ಮನ ಫೋನಲ್ಲಿ ಒಂದೇ ಕಾರ್ಡ್ ಗೇಮ್ ಆಡ್ತಾರೆ. ಇವ್ನು ಪ್ಯಾಕ್ ಒಡೆದಾಗ ಅದೇ ಡ್ರ್ಯಾಗನ್ ಕಾರ್ಡ್ ಇನ್ನೊಂದು ಬಂತು, ಅವ್ಳ ಹತ್ರ ಒಂದೂ ಇಲ್ಲ. "ಮಾಮ, ಇದನ್ನ ಇವ್ಳಿಗೆ ಹೆಂಗ್ ಕೊಡೋದು?" ಅಂದ. ಹುಡುಕ್ದೆ ಹುಡುಕ್ದೆ, ಇಪ್ಪತ್ತು ನಿಮಿಷ ಹುಡುಕ್ದೆ. ಕೊಡೋ ಬಟನ್ನೇ ಇಲ್ಲ. ಬೇಡದ ಕಾರ್ಡ್ ಒಡೆದು ಪುಡಿ ಮಾಡೋಕಿದೆ, ಕೊಡೋಕಿಲ್ಲ! ಅಷ್ಟರಲ್ಲಿ ಅವಳ ಸ್ಕ್ರೀನಲ್ಲಿ ಅದೇ ಡ್ರ್ಯಾಗನ್ ಇರೋ ಆಫರ್ ಬಂತು, ಪಕ್ಕದಲ್ಲಿ ಟೈಮರ್ ಓಡ್ತಿದೆ. ಪಕ್ಕದಲ್ಲಿ ಕೂತಿರೋ ಗೆಳೆಯನ ಹತ್ರ ಇರೋದನ್ನೇ ಆ ಹುಡುಗಿಗೆ ದುಡ್ಡಿಗೆ ತೋರಿಸ್ತಿದಾರೆ. ನಂಗೆ ನಿಜವಾಗ್ಲೂ ಮೈ ಉರೀತು.

ಇದು ಟೆಕ್ನಿಕಲ್ ತೊಂದ್ರೆ ಅಂತ ಯಾರೂ ಹೇಳ್ಬೇಡಿ. ಮ್ಯಾಜಿಕ್ ಆನ್‌ಲೈನ್ ಅನ್ನೋ ಕಂಪ್ಯೂಟರ್ ಕಾರ್ಡ್ ಗೇಮ್ 2002ರಲ್ಲೇ ಬಂತು, ಅದ್ರಲ್ಲಿ ಆಟಗಾರರು ಕಾರ್ಡ್ ಬದಲಾಯಿಸ್ಕೊಳ್ತಿದ್ರು, ಪೂರ್ತಿ ಸೆಟ್ ಸೇರಿಸಿದ್ರೆ ಕಾಗದದ ಕಾರ್ಡನ್ನೇ ತರಿಸ್ಕೋಬಹುದಿತ್ತು. ಅದೇ ಕಂಪನಿ 2019ರಲ್ಲಿ ಮ್ಯಾಜಿಕ್ ಅರೀನಾ ಪೂರ್ತಿಯಾಗಿ ಬಿಡುಗಡೆ ಮಾಡಿದಾಗ ಟ್ರೇಡಿಂಗ್, ಅಂದ್ರೆ ಈ ಅದಲು ಬದಲು, ಇಲ್ಲ. ಪೋಕೆಮಾನ್‌ದೂ ಅದೇ ಕಥೆ. ಹಳೇ ಆನ್‌ಲೈನ್ ಗೇಮಲ್ಲಿ ಅದಲು ಬದಲು ಇತ್ತು, 2023ರಲ್ಲಿ ಅದನ್ನ ಮುಚ್ಚಿ 'ಲೈವ್' ಅನ್ನೋ ಹೊಸ ಗೇಮ್ ತಂದ್ರು, ಅದಲು ಬದಲು ಹೋಯ್ತು. ಇಂಥ ಆಟಗಳಿಗೆ ಟಿಸಿಜಿ ಅಂತಾರೆ, ಅಂದ್ರೆ ಟ್ರೇಡಿಂಗ್ ಕಾರ್ಡ್ ಗೇಮ್. ಹೆಸರಲ್ಲೇ ಇರೋದನ್ನ ಆಟದಿಂದ ಕಿತ್ತು ಹಾಕಿದ್ರೆ ಅದು ಬೇಕಂತಲೇ ಮಾಡಿದ್ದು.

ಹಾರ್ತ್‌ಸ್ಟೋನ್ ಅಂತ ಇನ್ನೊಂದು ಕಾರ್ಡ್ ಗೇಮ್ ಇದೆ, ಅದರ ಲೆಕ್ಕ ನೋಡಿ. ಒಂದು ಲೆಜೆಂಡರಿ, ಅಂದ್ರೆ ತುಂಬಾ ಅಪರೂಪದ, ಕಾರ್ಡ್ ಪುಡಿ ಮಾಡಿದ್ರೆ 400 ಡಸ್ಟ್ (ಹೊಸ ಕಾರ್ಡ್ ಮಾಡ್ಕೊಳ್ಳೋ ಪುಡಿ) ಸಿಗುತ್ತೆ, ಹೊಸದು ಮಾಡ್ಕೋಬೇಕಂದ್ರೆ 1600. ನಾಲ್ಕು ಕಳ್ಕೊಂಡ್ರೆ ಒಂದು! ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಬರ್ತಿದ್ದ ಕ್ರಿಕೆಟ್ ಕಾರ್ಡಲ್ಲಿ ಒಂದಕ್ಕೆ ಒಂದು, ತುಂಬಾ ಹಟ ಮಾಡಿದ್ರೆ ಒಂದಕ್ಕೆ ಎರಡು. ನಾಲ್ಕು ಕೇಳಿದವನ ಜೊತೆ ಮಾರನೇ ದಿನ ಯಾರೂ ಆಡ್ತಿರ್ಲಿಲ್ಲ.

ಪೋಕೆಮಾನ್‌ದೇ ಇನ್ನೊಂದು ಫೋನ್ ಗೇಮ್ ಪಾಕೆಟ್‌ನಲ್ಲಿ ಟ್ರೇಡ್ ಬಂತಲ್ಲ ಅಂತೀರ. ಬಂತು, 2025ರ ಜನವರಿಯಲ್ಲಿ. ಆದ್ರೆ ಒಳ್ಳೆ ಕಾರ್ಡ್ ಬದಲಾಯಿಸ್ಬೇಕಂದ್ರೆ ಟೋಕನ್ ಬೇಕಿತ್ತು, ಆ ಟೋಕನ್ ಸಿಗ್ಬೇಕಂದ್ರೆ ನಿಮ್ಮ ಬೇರೆ ಒಳ್ಳೆ ಕಾರ್ಡ್‌ಗಳನ್ನೇ ಕೊಟ್ಟು ಕಳ್ಕೋಬೇಕಿತ್ತು. ಜನ ಉಗಿದ ಮೇಲೆ ಆ ವರ್ಷವೇ ಟೋಕನ್ ತೆಗೆದ್ರು. ಉಗೀದೇ ಇದ್ರೆ ತೆಗೀತಿದ್ರಾ?

ಇನ್ನು ಕೆಲವರು ಹೇಳ್ತಾರೆ, ಟ್ರೇಡಿಂಗ್ ಬಿಟ್ರೆ ಮೋಸ ಜಾಸ್ತಿ ಆಗುತ್ತೆ, ಹತ್ತು ಅಕೌಂಟ್ ಮಾಡಿ ಎಲ್ಲಾ ಕಾರ್ಡ್ ಒಂದಕ್ಕೆ ಸೇರಿಸ್ಕೊಳ್ತಾರೆ, ಮಕ್ಕಳನ್ನ ಏಮಾರಿಸ್ತಾರೆ ಅಂತ. ಆಗುತ್ತೆ, ಒಪ್ತೀನಿ. ಹಾಗಾದ್ರೆ ಫ್ರೆಂಡ್ ಲಿಸ್ಟಲ್ಲಿ ತಿಂಗಳಿಂದ ಇರೋವ್ರಿಗೆ ಮಾತ್ರ ಅನ್ನಿ, ದಿನಕ್ಕೊಂದೇ ಅನ್ನಿ. ಟೈಮರ್ ಓಡಿಸಿ ಮಗುಗೆ ಜೆಮ್ಸ್ (ಆಟದೊಳಗಿನ ದುಡ್ಡು) ಮಾರುವಾಗ ಇಲ್ಲದ ಕಾಳಜಿ, ಅವ್ನು ಗೆಳತಿಗೆ ಒಂದು ಕಾರ್ಡ್ ಕೊಡುವಾಗ ಮಾತ್ರ ಎಲ್ಲಿಂದ ಬರುತ್ತೆ?

ನಾನೂ ದುಡ್ಡು ಹಾಕಿದೀನಿ, ಮನೇಲಿ ಗೊತ್ತಿಲ್ಲ. ಲಾಕ್‌ಡೌನ್‌ನಲ್ಲಿ ರಾತ್ರಿ ಒಂದು ಗಂಟೆಗೆ, ಹಿಂಗೇ ಒಂದು ಟೈಮರ್ ನೋಡ್ಕೊಂಡು, ಒಂದಲ್ಲ ಮೂರು ಸಲ. ಆ ಗೇಮ್ ಬಿಟ್ಟು ವರ್ಷಗಳಾಯ್ತು, ಅಷ್ಟು ಕಾರ್ಡಲ್ಲಿ ಒಂದನ್ನೂ ಇವ್ನಿಗೆ ಕೊಡೋಕಾಗಲ್ಲ. ಅದಕ್ಕೇ ನಿನ್ನೆ ಅಷ್ಟು ಸಿಟ್ಟು ಬಂದಿದ್ದು ಅನ್ಸುತ್ತೆ.

ಆ ಹುಡುಗಿ "ಪರ್ವಾಗಿಲ್ಲ ಬಿಡೋ" ಅಂದ್ಳು. ಇವ್ನು ಬಿಟ್ಟಿಲ್ಲ, ಇವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿ ಬಟನ್ ಸಿಕ್ತಾ ಮಾಮ ಅಂತ ಕೇಳ್ದ. ಸುಮ್ನೆ ಕಾರ್ಡ್ ಕೊಡೋಕೆ ಬಿಡೋ ಮಕ್ಕಳ ಗೇಮ್ ಯಾವ್ದಾದ್ರೂ ಗೊತ್ತಿದ್ರೆ ಕಾಮೆಂಟಲ್ಲಿ ಹೇಳಿ, ಸಂಜೆ ಅವನಿಗೆ ಉತ್ತರ ಕೊಡ್ಬೇಕು.