ಎಣ್ಮಕಜೆಯ ತಾಯಂದಿರು, ನಮ್ಮ ಭಾವನ ಮಾತು

ಪುತ್ತೂರಿನ ಭಾವ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಮಾತು ಹೇಳುತ್ತಾರೆ. "ನಿಮ್ಮ ಕೇರಳದಲ್ಲಿ ಸಮರ ಜಾಸ್ತಿ ಮಾರಾಯ. ನಾವಾದರೆ ಒಂದು ಮನವಿ ಕೊಟ್ಟು ಸುಮ್ನಿರ್ತೇವೆ." ಸಮರ ಅಂದರೆ ಇಲ್ಲಿ ಧರಣಿ, ಬಂದ್. ಬಂದ್ ಅಂದರೆ ನನಗೂ ಆಗುವುದಿಲ್ಲ. ಆದರೆ ಎಣ್ಮಕಜೆ ಪಂಚಾಯತಿನವನಾಗಿ ಆ ಮಾತನ್ನು ಒಪ್ಪಲಾರೆ.

ಇಲ್ಲಿನ ಗುಡ್ಡಗಳ ಗೇರುತೋಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ಕೆಳಗಿಳಿಯದೆ ಇರುತ್ತದಾ? ನಾವು ಕುಡಿಯುವುದು ನೀರಿಗಾಗಿ ಅದೇ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ತೋಡಿನ ನೀರು. ಕೈಕಾಲು ಸೊಟ್ಟಗಾದ, ಮಾತು ಬಾರದ ಮಕ್ಕಳು ಹುಟ್ಟಿದರು. ಊರು ದೈವದ ಮುನಿಸು ಅಂದಿತು. ತಾಯಂದಿರು ಹರಕೆ ಹೊತ್ತರು, ನೆಂಟರು ಬಂದರೆ ಮಗುವನ್ನು ಒಳಕೋಣೆಗೆ ಎತ್ತಿಕೊಂಡು ಹೋದರು. ತಪ್ಪು ತಮ್ಮದೇ ಅಂದುಕೊಂಡಿದ್ದರು ಪಾಪ.

ಪಡ್ರೆಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟರು. ಪತ್ರಕರ್ತ ಶ್ರೀಪಡ್ರೆ ಬರೆದರು. ಜಿಲ್ಲೆಯ ತೆಂಕು ಭಾಗದಲ್ಲಿ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟು ಹತ್ತಿದರು. ಕನ್ನಡ, ತುಳು ಮನೆಗಳ ಸಂಕಟ ಮಲಯಾಳದ ಘೋಷಣೆಯಾಯಿತು. ಗಡಿಯ ಮೂಲೆಯಲ್ಲಿ ನಮ್ಮ ನಮ್ಮಲ್ಲೇ ಅತ್ತಿದ್ದರೆ ತಿರುವನಂತಪುರಕ್ಕೆ ಕೇಳುತ್ತಿತ್ತಾ? ಭಾಷೆಯ ವಿಷಯದಲ್ಲಿ ಕೇರಳದ ಮೇಲೆ ನಮಗೆ ಬೇಕಾದಷ್ಟು ನೋವಿದೆ. ಆದರೂ ಈ ಒಂದು ಋಣ ನಾನು ಮರೆಯುವುದಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಇವೆಲ್ಲ ದೊಡ್ಡದೇ. ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡದು ಬೇರೆ ಇದೆ. ಮಗುವನ್ನು ಅಡಗಿಸಿಡುತ್ತಿದ್ದ ತಾಯಂದಿರು 2019ರಲ್ಲಿ ಅದೇ ಮಕ್ಕಳನ್ನು ಎತ್ತಿಕೊಂಡು, ರಾತ್ರಿಯಿಡೀ ರೈಲಿನಲ್ಲಿ ಹೋಗಿ, ಸೆಕ್ರೆಟೇರಿಯಟ್ ಎದುರು ಕೂತರು. ಶಾಪ ಅಂದುಕೊಂಡಿದ್ದವರು ಹಕ್ಕು ಅಂತ ಕೇಳಿದರು. ಯಾವ ಕಾನೂನಿನಿಂದಲೂ ಈ ಬದಲಾವಣೆ ಬರುತ್ತಿರಲಿಲ್ಲ. ಒಬ್ಬಳ ಪಕ್ಕ ಇನ್ನೊಬ್ಬಳು ಕೂತದ್ದರಿಂದ ಬಂತು.

ಭಾವನ ಕಡೆಯೂ ಇದೇ ವಿಷ ಬಿದ್ದಿದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಗೇರುತೋಟಗಳಲ್ಲಿ. ಅಲ್ಲೂ ಕೆಲವರು ಪಟ್ಟು ಹಿಡಿದು ಹೋರಾಡಿದರು, ಮಾಸಾಶನ ಬಂತು. ಆದರೆ ಕರ್ನಾಟಕ ಈ ವಿಷವನ್ನು ನಿಷೇಧಿಸಿದ್ದು 2011ರಲ್ಲಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಹೆಲಿಕಾಪ್ಟರ್ ನಿಂತು ಹತ್ತು ವರ್ಷ ಕಳೆದಿತ್ತು. ಕೊಕ್ಕಡದ ತಾಯಂದಿರ ಹೆಸರು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮ ಕೆಲಸವೂ ಮುಗಿದಿಲ್ಲ. ಮಕ್ಕಳ ನರರೋಗ ತೋರಿಸಲು ಇವತ್ತಿಗೂ ಮಂಗಳೂರಿನ ಬಸ್ಸು ಹತ್ತುತ್ತೇವೆ. ಕಾಸರಗೋಡಿಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಕೇಳುತ್ತಲೇ ಇದ್ದೇವೆ. ಮುಂದಿನ ಸಲ ಧರಣಿ ಕೂತಾಗ ಭಾವನೂ ಬರಲಿ. ಆ ತಾಯಂದಿರ ಪಕ್ಕ ಒಂದು ದಿನ ಕೂರಲಿ.