ಚಾವಣಿ ಏರಿದ ನವಣೆ

ರಕ್ತಪರೀಕ್ಷೆಗಳಲ್ಲಿ ಎಚ್‌ಬಿಎ1ಸಿ ಎಂಬ ಚಾಡಿಕೋರನಿದ್ದಾನೆ. ಹಿಂದಿನ ರಾತ್ರಿ ಉಪವಾಸವಿದ್ದು, ಸಾಧುವಿನ ಮುಖ ಮಾಡಿಕೊಂಡು ಹೋದರೂ ಪ್ರಯೋಜನವಿಲ್ಲ. ಮೂರು ತಿಂಗಳಿಂದ ನೀವು ಏನು ಮುಕ್ಕಿದ್ದೀರಿ ಎಂಬುದನ್ನು ಅವನು ವೈದ್ಯರ ಕಿವಿಯಲ್ಲಿ ಊದಿಯೇ ಬಿಡುತ್ತಾನೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟೂ ದಿನ ಅದು ಸಕ್ಕರೆಯನ್ನು ಮೈಗೆ ಮೆತ್ತಿಕೊಂಡು ಸಾಕ್ಷಿಗೆ ಸಿದ್ಧವಾಗಿರುತ್ತದೆ. ನನ್ನ ಲೆಕ್ಕ 6.2 ಬಂತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲಂತೆ. ನಾನು ಹೊಸ್ತಿಲ ಮೇಲೆ ಚಪ್ಪಲಿ ಬಿಡುತ್ತಾ ನಿಂತಿದ್ದೆ.

“ಬೆಳಿಗ್ಗೆ ತಿಂಡಿಗೆ ಏನು?” ಎಂದರು ವೈದ್ಯರು. ದಾವಣಗೆರೆಯವನನ್ನು ಕೇಳುವ ಪ್ರಶ್ನೆಯೇ ಅದು?

ವ್ಯಾಯಾಮಕ್ಕೇನೂ ಕೊರತೆಯಿರಲಿಲ್ಲ. ದಿನವೂ ಕುಂದವಾಡ ಕೆರೆಯ ಏರಿಯ ಮೇಲೆ ನಮ್ಮ ಗುಂಪು ಬೆವರು ಹರಿಸುತ್ತಿತ್ತು. ಹರಿಸಿದ್ದನ್ನು ಹಿಂದಿರುಗುವ ದಾರಿಯಲ್ಲೇ ಬೆಣ್ಣೆ ದೋಸೆಯಿಂದ ಭರ್ತಿ ಮಾಡಿಕೊಳ್ಳುತ್ತಿತ್ತು. ಅಕ್ಕಿ ಹಿಟ್ಟು, ಅದರೊಳಗೆ ರುಬ್ಬಿದ ಮಂಡಕ್ಕಿ, ಮೇಲೆ ಕರಗುವ ಬೆಣ್ಣೆ, ಮಗ್ಗುಲಲ್ಲಿ ಆಲೂಗಡ್ಡೆ ಪಲ್ಯ: ವೈದ್ಯರು ಬೇಡವೆಂದದ್ದೆಲ್ಲ ಒಂದೇ ತಟ್ಟೆಯಲ್ಲಿ ಅನ್ಯೋನ್ಯವಾಗಿತ್ತು. “ಒಂದೇ ದೋಸೆ ತಿಂದರೆ ಅದು ತಿಂಡಿಯಲ್ಲ, ರುಚಿ ನೋಡಿದ್ದು” ಎನ್ನುವುದು ಗುಂಪಿನಲ್ಲಿರುವ ನಿವೃತ್ತ ಮೇಷ್ಟ್ರ ಸಿದ್ಧಾಂತ.

ಇನ್ನು ಸಿರಿಧಾನ್ಯವೇ ಗತಿ ಎಂದು ತೀರ್ಮಾನಿಸಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ, 6.2 ಎಂಬ ಅಂಕಿ ಮಾತ್ರ ನೇರವಾಗಿ ಕಿವಿಗೆ ಬಿತ್ತು. ಹೆಂಡತಿ ಹರಿಹರದ ತವರಿಗೆ ಹೋಗಿದ್ದ ದಿನ, ಒಂದು ಸೇರು ನವಣೆಯನ್ನು ಕುಕ್ಕರಿಗೆ ಸುರಿದು, ಕತ್ತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದೆ.

ಹತ್ತು ನಿಮಿಷವಾದರೂ ಸೀಟಿಯಿಲ್ಲ. ಸಾತ್ವಿಕ ಆಹಾರ, ಮೌನವಾಗಿ ಬೇಯುತ್ತಿರಬೇಕು ಎಂದುಕೊಂಡೆ. ಉಬ್ಬಿದ ಕಾಳು ಹಬೆ ಹೋಗುವ ಕಿಂಡಿಗೆ ಬೂಚು ಹಾಕಿ ಕುಳಿತಿದೆ ಎಂದು ತಿಳಿದದ್ದು, ಸೇಫ್ಟಿ ವಾಲ್ವ್ ಢಬ್ಬೆಂದು ಹಾರಿ ನವಣೆ ಕಾರಂಜಿಯಾಗಿ ಚಾವಣಿಗೆ ಚಿಮ್ಮಿದಾಗ. ಪುಣ್ಯಕ್ಕೆ ನಾನಾಗ ಬಾಗಿಲ ಬಳಿ ಮೊಬೈಲಿನಲ್ಲಿ ನವಣೆಯ ನಾರಿನಂಶದ ಬಗ್ಗೆ ಓದುತ್ತಿದ್ದೆ.

ಸದ್ದಿಗೆ ಬೀದಿಯೇ ಬಂತು. ಒಬ್ಬರು ಗ್ಯಾಸ್ ಬಂದ್ ಮಾಡಿದರು, ಒಬ್ಬರು ಏಣಿ ತಂದರು. ಅಂದು ನಲ್ಲಿಯಲ್ಲಿ ನೀರಿಲ್ಲದ ದಿನ. ಎದುರು ಮನೆಯಿಂದ ಎರಡು ಬಿಂದಿಗೆ ಬಂತು. ಪಕ್ಕದ ಮನೆಯ ಜಗಳೂರಿನ ಅಜ್ಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಚಾವಣಿಯನ್ನೇ ನೋಡುತ್ತಾ ನಿಂತರು.

“ನೆನೆಸಿದ್ದೆಯೇನಪ್ಪಾ?”

“ಇಲ್ಲ ಅಜ್ಜಿ.”

“ಬರಗಾಲದಲ್ಲಿ ಇದೇ ನವಣೆ, ಸಾಮೆ ನಮ್ಮ ಹೊಟ್ಟೆ ಕಾದವು. ಅಕ್ಕಿ ಅನ್ನ ಕಾಣುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಜ್ವರ ಬಂದರೆ. ಈಗ ಅನ್ನ ಉಂಡು ಕಾಯಿಲೆ ಬಿದ್ದವರಿಗೆ ನವಣೆ ಕೊಡುತ್ತಾರೆ. ಅದನ್ನೂ ನೀನು ಸೂರಿಗೆ ಉಣಿಸಿದೆ!”

ಡಬ್ಬಿಯಲ್ಲಿ ಉಳಿದಿದ್ದ ನವಣೆಯನ್ನು ಅಜ್ಜಿ ಒಯ್ದು ನೆನೆಸಿ, ತೆರೆದ ಪಾತ್ರೆಯಲ್ಲಿ ಉದುರುದುರಾಗಿ ಬೇಯಿಸಿ ತಂದರು. ಅಷ್ಟರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಂದಿದ್ದವು. ದುರಂತ ನಡೆದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಮೇಷ್ಟ್ರು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಏಣಿಯ ಮೇಲೆ ನಿಂತು ಚಾವಣಿ ಕೆರೆಯುವುದು ಶ್ರಮದ ಕೆಲಸವಾದ್ದರಿಂದ ನಾನು ನಾಲ್ಕು ಮಿರ್ಚಿ ತಿಂದೆ. ನನ್ನ ರಕ್ತಕಣಗಳು ಅದನ್ನೂ ಬರೆದುಕೊಂಡಿರುತ್ತವೆ.

ಮರುದಿನ ಮಧ್ಯಾಹ್ನ ಹೆಂಡತಿ ಬರುವಷ್ಟರಲ್ಲಿ ಚಾವಣಿ, ಗೋಡೆ, ಒಲೆ ಎಲ್ಲ ಫಳಫಳ. ಮಿರ್ಚಿ ಕಟ್ಟಿದ್ದ ಎಣ್ಣೆ ಕಾಗದವನ್ನೂ ಮೇಷ್ಟ್ರ ಮನೆಯ ಕಸಕ್ಕೆ ಸಾಗಿಸಿದ್ದೆ. “ಪರವಾಗಿಲ್ಲವೇ, ಅಡುಗೆಮನೆ ಇಷ್ಟು ಚೊಕ್ಕಟವಾಗಿದೆ!” ಎಂದು ಮೆಚ್ಚಿ, ಬಿಸಿಲಿಗೆ ಉಸ್ಸಪ್ಪಾ ಎನ್ನುತ್ತಾ ಕುಳಿತು, ಫ್ಯಾನ್ ಹಾಕಿದಳು.

ರೆಕ್ಕೆಗಳ ಮೇಲ್ಭಾಗವನ್ನು ನಾನು ಒರೆಸಿರಲಿಲ್ಲ.