ಹಸಿರು ಪಟ್ಟಿಯಲ್ಲಿ ಆಕ್ಟೋಪಸ್

ನನ್ನ ಮಗಳ ತುಟಿ ಊದಿಕೊಂಡದ್ದು ಒಂದೇ ಒಂದು ಸಂಜೆ. ಅದಕ್ಕೆ ಕಾರಣ ಹೇಳುವವರು ಮಾತ್ರ ವರ್ಷವಿಡೀ ಬರುತ್ತಲೇ ಇದ್ದರು.

ನಡೆದದ್ದು ಇಷ್ಟು. ಗೆಳತಿಯ ಮನೆಯಲ್ಲಿ ಒಂದು ಬಿಸ್ಕತ್ತು ತಿಂದಳು. ಹತ್ತು ನಿಮಿಷದಲ್ಲಿ ತುಟಿ ದಪ್ಪಗಾಯಿತು, ಕುತ್ತಿಗೆಯ ಮೇಲೆ ಗಂಧೆಗಳು ಎದ್ದವು, ಒಮ್ಮೆ ವಾಂತಿಯೂ ಆಯಿತು. ಆಸ್ಪತ್ರೆಗೆ ಓಡಿದೆವು. ರಾತ್ರಿಯ ಹೊತ್ತಿಗೆ ಎಲ್ಲ ಇಳಿಯಿತು. "ಅಲರ್ಜಿ ಇರಬಹುದು, ಪರೀಕ್ಷೆ ಮಾಡಿಸಿಬಿಡಿ" ಎಂದು ಹೇಳಿ ಕಳುಹಿಸಿದರು. ಯಾವ ಪರೀಕ್ಷೆ, ಯಾರ ಬಳಿ ಎಂಬುದನ್ನು ನಮ್ಮ ಪ್ರತಿಭೆಗೆ ಬಿಟ್ಟರು.

ಪ್ರತಿಭೆಗೇನೂ ಬರವಿರಲಿಲ್ಲ. ಪಕ್ಕದ ಮನೆಯವರು ಹಾಲು ಎಂದರು. ಗೋಧಿ ಬಿಟ್ಟ ಮೇಲೆ ತಮ್ಮ ಮಂಡಿನೋವು ಮಾಯವಾದ್ದರಿಂದ ಅತ್ತೆ ಗೋಧಿ ಎಂದರು. ಹಿಂದಿನ ಸಲ ತಾನು ಹೇಳಿದ್ದು ನಿಜವಾಗಿತ್ತು ಎಂಬ ಬಲದ ಮೇಲೆ ಸಹೋದ್ಯೋಗಿಯೊಬ್ಬರು ಕೃತಕ ಬಣ್ಣ ಎಂದರು. ಹಿಂದಿನ ಸಲ ಅವರು ಹೇಳಿದ್ದು ನನ್ನ ಸ್ಕೂಟರಿನ ಬಗ್ಗೆ. ಆ ಬಿಸ್ಕತ್ತಿನಲ್ಲಿ ಏನೇನಿತ್ತು ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ ಎಂಬುದನ್ನು ತಗ್ಗಿದ ದನಿಯಲ್ಲಿ ದಾಖಲಿಸುತ್ತೇನೆ.

1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಹುಟ್ಟಿಸಿದರು. ಪಾಪ, ಮುಂದೊಂದು ದಿನ ಹೊಟ್ಟೆಯುಬ್ಬರ, ಹಟ, ನಿದ್ದೆಗೇಡು, ಗಣಿತದಲ್ಲಿ ಕಡಿಮೆ ಅಂಕ ಎಲ್ಲವೂ ಆ ಪದದ ಮನೆಯಲ್ಲಿ ಬಾಡಿಗೆ ಕೊಡದೆ ವಾಸಿಸುತ್ತವೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಹಾಲಿನ ಸಕ್ಕರೆ ಜೀರ್ಣವಾಗದಿರುವುದೂ ಈಗ ಅಲರ್ಜಿ, ಸೊಪ್ಪು ಸೇರದಿರುವುದೂ ಅಲರ್ಜಿ.

ನಾವು ಮೊದಲು ಹೋದದ್ದು ತೋಳು ಒತ್ತಿ ಅಲರ್ಜಿ ಕಂಡುಹಿಡಿಯುವವರ ಬಳಿಗೆ. ಒಂದು ಕೈಯಲ್ಲಿ ಆಹಾರದ ಸೀಸೆ ಹಿಡಿಯಬೇಕು, ಚಾಚಿದ ಇನ್ನೊಂದು ಕೈಯನ್ನು ಅವರು ಕೆಳಗೆ ಒತ್ತುತ್ತಾರೆ, ತೋಳು ಕುಸಿದರೆ ಅಲರ್ಜಿ. ಮಗು ಚಿಕ್ಕದಾದರೆ? ಅದಕ್ಕೂ ಉಪಾಯವಿದೆ. ತಾಯಿ ಮಗುವನ್ನು ಮುಟ್ಟಿಕೊಂಡು ನಿಲ್ಲಬೇಕು, ತಾಯಿಯ ತೋಳನ್ನೇ ಒತ್ತುತ್ತಾರೆ. ಹಿಂದಿನ ರಾತ್ರಿ ನಿದ್ದೆಯಿಲ್ಲದ ನನ್ನ ಹೆಂಡತಿಯ ತೋಳು ಮೊಟ್ಟೆಗೂ ಕುಸಿಯಿತು, ಮೀನಿಗೂ ಕುಸಿಯಿತು, ಕೊನೆಗೆ ಖಾಲಿ ಸೀಸೆಗೂ ಕುಸಿಯಿತು. ಕೂದಲು ಕಳುಹಿಸಿದರೆ ಫಲಿತಾಂಶ ತಿಳಿಸುವವರೂ ಇದ್ದರು. ಮಗಳು ಕತ್ತರಿ ಕಂಡು ಅತ್ತದ್ದರಿಂದ ವಿಜ್ಞಾನ ಅಲ್ಲಿಗೇ ನಿಂತಿತು.

ಆಮೇಲೆ ಬಂದದ್ದು ರಕ್ತದ ಪರೀಕ್ಷೆ. ಇನ್ನೂರಕ್ಕೂ ಹೆಚ್ಚು ಆಹಾರಗಳು, ಹೊಳೆಯುವ ಕಾಗದ, ಕೆಂಪು, ಹಳದಿ, ಹಸಿರು ಪಟ್ಟಿಗಳು. ಸಿಗ್ನಲ್ ದೀಪವನ್ನು ಕಂಡ ಭಕ್ತಿಯಿಂದ ಓದಿದೆವು. ಕೆಂಪಿನಲ್ಲಿ ಹಾಲು, ಗೋಧಿ, ಮೊಟ್ಟೆ, ಬಾಳೆಹಣ್ಣು, ಅಂದರೆ ಅವಳು ದಿನವೂ ತಿನ್ನುತ್ತಿದ್ದುದೆಲ್ಲ. ಹಸಿರಿನಲ್ಲಿ ಆಕ್ಟೋಪಸ್, ಉಷ್ಟ್ರಪಕ್ಷಿ ಮತ್ತು ನಾನು ನಿಘಂಟಿನಲ್ಲಿ ಹುಡುಕಬೇಕಾಗಿ ಬಂದ ಎರಡು ಸಮುದ್ರಜೀವಿಗಳು. ಪರೀಕ್ಷೆ ಅಳೆದದ್ದು, ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಐಜಿಜಿ ಎಂಬ ಪ್ರತಿಕಾಯವನ್ನು. ಏನನ್ನು ತಿನ್ನುತ್ತೇವೋ ಅದಕ್ಕೆ ದೇಹ ಐಜಿಜಿ ತಯಾರಿಸುವುದು ಸಹಜ. ಅದು ಆಹಾರದ ಪರಿಚಯದ ಗುರುತೇ ಹೊರತು ರೋಗದ್ದಲ್ಲ. ಇದರಿಂದ ಆಹಾರದ ಅಲರ್ಜಿಯನ್ನು ನಿರ್ಣಯಿಸಬೇಡಿ ಎಂದು ಯುರೋಪಿನ ಅಲರ್ಜಿ ಅಕಾಡೆಮಿ 2008ರಲ್ಲೇ ಹೇಳಿತ್ತು, ಕೆನಡಾದ ತಜ್ಞರು 2012ರಲ್ಲಿ ಹೇಳಿದ್ದರು. ಅಂದರೆ ಮಗಳು ಏನು ತಿನ್ನುತ್ತಾಳೆ ಎಂಬ, ನಮ್ಮ ಅಡುಗೆಮನೆಗೇ ಗೊತ್ತಿದ್ದ ಸಂಗತಿಯನ್ನು ಪ್ರಯೋಗಾಲಯ ಹಣ ಪಡೆದು ನಮಗೆ ತಿಳಿಸಿತ್ತು. ಎತ್ತು ಈಯಿತು ಎಂದರು, ನಾವು ಕರು ಕಟ್ಟಲು ಹಗ್ಗ ಹುಡುಕಿದೆವು. ಮೂರು ತಿಂಗಳು ಹಾಲಿಲ್ಲ, ಗೋಧಿಯಿಲ್ಲ, ಮೊಟ್ಟೆಯಿಲ್ಲ. ಮಗಳು ಸೊರಗಿದಳು. "ನೋಡಿ, ವಿಷ ಹೊರಗೆ ಹೋಗುತ್ತಿದೆ" ಎಂದು ಹಿತೈಷಿಗಳು ಸಂತೋಷಪಟ್ಟರು.

ಗಂಭೀರ ವೈದ್ಯರೂ ಹಿಂದೆ ಬೀಳಲಿಲ್ಲ. ಒಬ್ಬರು ಅಲರ್ಜಿಗೆ ನಿಜವಾಗಿ ಸಂಬಂಧಪಟ್ಟ ಐಜಿಇ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯನ್ನೇ ಬರೆದರು. ಆದರೆ ಏನು ತಿಂದಳೆಂದು ಕೇಳದೆ, ಪ್ರಯೋಗಾಲಯದ ಸಿದ್ಧಪಟ್ಟಿಯನ್ನು ಇಡಿಯಾಗಿ ಬರೆದರು. ಗೋಧಿ, ಮೊಟ್ಟೆ, ಕಡಲೆಕಾಯಿ ಪಾಸಿಟಿವ್. ದೇಹ ಆ ಆಹಾರವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಇದರ ಅರ್ಥ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೀಗೆ ಪಥ್ಯದಲ್ಲಿದ್ದ 125 ಮಕ್ಕಳಿಗೆ ಆಸ್ಪತ್ರೆಯಲ್ಲೇ ಆಹಾರ ತಿನ್ನಿಸಿ ನೋಡಿದಾಗ, ದೂರವಿಟ್ಟಿದ್ದ ಆಹಾರಗಳಲ್ಲಿ ಶೇಕಡ 84ರಿಂದ 93ರಷ್ಟು ಮತ್ತೆ ತಟ್ಟೆಗೆ ಮರಳಿದವು. ನಮ್ಮ ತಟ್ಟೆಯಿಂದ ಮಾತ್ರ ಕಡಲೆಕಾಯಿಯೂ ಎದ್ದುಹೋಯಿತು.

ಕೊನೆಗೆ ಅಲರ್ಜಿ ತಜ್ಞೆಯೊಬ್ಬರ ಭೇಟಿ ಸಿಕ್ಕಿತು, ತಿಂಗಳುಗಟ್ಟಲೆ ಕಾದ ಮೇಲೆ. ಮೊದಲ ದಿನ ವ್ಯರ್ಥವಾಯಿತು. ಮಗಳಿಗೆ ನೆಗಡಿಗೆಂದು ಕೊಟ್ಟಿದ್ದ ಸಿರಪ್ಪಿನಲ್ಲಿ ಅಲರ್ಜಿಯ ಲಕ್ಷಣಗಳನ್ನು ಅಡಗಿಸುವ ಆ್ಯಂಟಿಹಿಸ್ಟಮಿನ್ ಇತ್ತು, ಅದು ದೇಹದಲ್ಲಿದ್ದರೆ ಚರ್ಮದ ಪರೀಕ್ಷೆ ನಡೆಯದು. ಎರಡನೆಯ ದಿನ ಅವರು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಏನು ತಿಂದಳು, ಎಷ್ಟು, ಎಷ್ಟು ಹೊತ್ತಿನ ಮೇಲೆ ಏನಾಯಿತು, ಅದನ್ನು ಮೊದಲು ತಿಂದಿದ್ದಳೇ, ಆಮೇಲೆ ತಿಂದಳೇ? ಯಂತ್ರವಿಲ್ಲ, ಬಣ್ಣವಿಲ್ಲ. ನನಗೆ ಮೋಸಹೋದಂತೆನಿಸಿತು.

"ಬಿಸ್ಕತ್ತು ಮಾಡಿದವರಿಗೆ ಈಗ ಫೋನ್ ಮಾಡುತ್ತೀರಾ?" ಎಂದರು. ಮಾಡಿದೆ. ಹಿಟ್ಟು, ಬೆಣ್ಣೆ, ಸಕ್ಕರೆ, ಗೋಡಂಬಿ.

ಮುಂಗೈಗೆ ಒಂದು ಹನಿ ಗೋಡಂಬಿ ಸಾರ ಇಟ್ಟು ಸೂಜಿಯಿಂದ ಮೃದುವಾಗಿ ಚುಚ್ಚಿದರು. ಮೂರು ಮಿಲಿಮೀಟರ್ ಊದಿದರೆ ಗಣನೆಗೆ ಬರುತ್ತದೆ. ಕಾಲು ಗಂಟೆಯಲ್ಲಿ ಒಂಬತ್ತು ಊದಿತು. ಗೋಧಿ, ಹಾಲು, ಕಡಲೆಕಾಯಿ ಮೊದಲೆಲ್ಲ ತಿಂದು ಸುಖವಾಗಿದ್ದವಳಿಗೆ ನಿಷೇಧವೇಕೆ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ, ವರದಿಯಿತ್ತು. ಮೊಟ್ಟೆಯನ್ನು ಮಾತ್ರ, ಖಾತ್ರಿಗೆಂದು, ಇನ್ನೊಂದು ದಿನ ಆಸ್ಪತ್ರೆಯಲ್ಲೇ ಚಿಟಿಕೆಯಿಂದ ಶುರುಮಾಡಿ ಹಂತಹಂತವಾಗಿ ತಿನ್ನಿಸಿ, ಗಂಟೆಗಟ್ಟಲೆ ಕಾದು ನೋಡಿದರು. ಏನೂ ಆಗಲಿಲ್ಲ, ಅವಳು ಇನ್ನಷ್ಟು ಕೇಳಿದ್ದನ್ನು ಬಿಟ್ಟರೆ. ಗೋಡಂಬಿ ಪೂರ್ತಿ ಬಂದ್, ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಸದಾ ಚೀಲದಲ್ಲಿ ಎಂದು ಬರೆದುಕೊಟ್ಟರು.

ಮನೆಗೆ ಬಂದು ಆ ಹೊಳೆಯುವ ವರದಿ ತೆರೆದೆ. ಅವಳು ಅಪರೂಪಕ್ಕೂ ತಿನ್ನದಿದ್ದ ಗೋಡಂಬಿ ಹಸಿರು ಪಟ್ಟಿಯಲ್ಲಿ, ಆಕ್ಟೋಪಸ್ಸಿನ ಕೆಳಗೆ, ಆರಾಮವಾಗಿ ಕುಳಿತಿತ್ತು.

ಸಂಜೆ ಅತ್ತೆಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಇಷ್ಟು ಓಡಾಡಿ ಬರೀ ಒಂದೇನಾ?" ಎಂದರು. "ನಮ್ಮ ಪಕ್ಕದ ಮನೆಯ ಮಗುವಿಗೆ ನಲವತ್ತೊಂದು ಕಂಡುಹಿಡಿದಿದ್ದಾರೆ. ಆ ವಿಳಾಸ ಕಳುಹಿಸಲೇ?"